ಬೆನ್ನಿನ ಕೆಳಗೆ

ನಮ್ಮ ಅಪ್ಪ ಬೆನ್ನುಫಣಿಯಿಂದ ತೀರಿಕೊಂಡರು ಎಂದು ಹೊನ್ನಾಳಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಬೆನ್ನುಫಣಿ ಅಂದರೆ ಬೆನ್ನಿನ ಮೇಲೆ ಹಾವಿನ ಹೆಡೆಯಷ್ಟು ಅಗಲ ಏಳುವ ಕೆಟ್ಟ ಕುರು. ರಾಜಮಹಾರಾಜರಿಗೆ ಬರುವ ಕಾಯಿಲೆ ಅಂತ ಅದಕ್ಕೊಂದು ಗತ್ತು ಬೇರೆ. ಹೇಳುವವರು ಹೇಳಿಕೊಳ್ಳಲಿ. ಅಪ್ಪನ ಬೆನ್ನನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಮೇಲೆ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ.

ಅಪ್ಪನ ಹೆಸರು ಕೊಟ್ರಬಸಪ್ಪ. ಹೊನ್ನಾಳಿ ಪೇಟೆಯಲ್ಲಿ ಜೋಳ, ರಾಗಿ, ಮೆಣಸಿನಕಾಯಿ ಮಂಡಿ ಇಟ್ಟಿದ್ದರು. ಅವರು ಬೀದಿಯಲ್ಲಿ ಬಂದರೆ ಜಗಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆ ವರ್ಷದ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೇ ಹೋದವು. ಬುದ್ಧಿ ಮಾತ್ರ ಹೋಗಿರಲಿಲ್ಲ. ಎಡಗೈ ಆಡುತ್ತಿತ್ತು, ಕಣ್ಣು ಎಲ್ಲವನ್ನೂ ಗುರುತಿಸುತ್ತಿತ್ತು.

ಸುದ್ದಿ ತಿಳಿದು ನಾನು ಜಗಳೂರಿನಿಂದ ಓಡಿಬಂದೆ. ಜಗಳೂರು ನನ್ನ ಗಂಡನ ಮನೆ. ಆಗ ಅಲ್ಲಿ ನಮ್ಮ ಅತ್ತೆ ಅಜ್ಜಮ್ಮ ಕೂಡ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ಹಾಗಾಗಿ ಬಹಳ ದಿನ ನಿಲ್ಲಲಾಗಲಿಲ್ಲ. ಹೊರಡುವಾಗ ಅವ್ವನಿಗೆ ಒಂದೇ ಮಾತು ಹೇಳಿದೆ. "ಅಪ್ಪನ್ನ ಒಂದೇ ಮಗ್ಗುಲಾಗೆ ಬಿಡಬ್ಯಾಡ. ಆಗಾಗ ಹೊರಳಿಸ್ತಿರು. ಮೈ ಒದ್ದೆ ಇರಬಾರದು." ಅವ್ವ ತಲೆಯಾಡಿಸಿದಳು.

ಇದು ನನಗೆ ಯಾರೋ ದೊಡ್ಡವರು ಹೇಳಿಕೊಟ್ಟ ವಿದ್ಯೆಯಲ್ಲ. ಅತ್ತೆಯ ಬೈಗುಳದಿಂದ ಕಲಿತದ್ದು. ಅಜ್ಜಮ್ಮನ ಬಾಯಿ ಜಗಳೂರಿಗೇ ಹೆಸರುವಾಸಿ. ಮಲಗಿದ ಕಡೆ ಉರಿ ಬಂದರೆ ಸಾಕು, ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು. "ಏ ಕಸ್ತೂರಿ, ನನ್ನ ಕುಂಡಿ ಉರೀತೈತೆ, ಬಂದು ಹೊರಳಿಸೇ." ನನ್ನ ಮಾವ ಇರಲಿ, ಮೈದುನಂದಿರು ಇರಲಿ, ಮನೆಗೆ ಬಂದ ಬೀಗರೇ ಇರಲಿ, ಅವಳಿಗೆ ಲೆಕ್ಕವಿಲ್ಲ. ಕೆಂಪಾದ ಕಡೆ ಹೆಬ್ಬೆರಳಿಂದ ಒತ್ತಿ ನೋಡು ಎನ್ನುವಳು. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟ ಮೇಲೆ ಮತ್ತೆ ಕೆಂಪೇರಿದರೆ ಚಿಂತೆ ಇಲ್ಲ, ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಕೆಂಪಾಗೇ ಉಳಿದರೆ ಒಳಗಿನ ಮಾಂಸ ಕೆಡುತ್ತಿದೆ ಅಂತ ಅರ್ಥ, ಆ ಜಾಗವನ್ನು ಮತ್ತೆ ನೆಲಕ್ಕೆ ತಾಗಿಸಬಾರದು. ನನಗೆ ಆಗ ನಾಚಿಕೆಯಿಂದ ಸತ್ತುಹೋಗೋಣ ಅನ್ನಿಸುತ್ತಿತ್ತು. ಆದರೆ ಅಷ್ಟು ಕಾಲ ಮಲಗಿದ್ದರೂ ಆ ಮುದುಕಿಯ ಮೈಯಲ್ಲಿ ಒಂದು ಹುಣ್ಣಾಗಲಿಲ್ಲ.

ಮತ್ತೆ ತವರಿಗೆ ಹೋಗಲು ಸಾಧ್ಯವಾದದ್ದು ಸಂಕ್ರಾಂತಿ ಕಳೆದ ಮೇಲೆ, ನಾದಿನಿ ಬಂದು ಅತ್ತೆಯನ್ನು ನೋಡಿಕೊಳ್ಳಲು ಒಪ್ಪಿದಾಗ. ಪೆಟ್ರೋಲು ಸಿಗದ ಕಾಲ, ಬಸ್ಸಿಗೆ ಹಿಂದೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ದಾವಣಗೆರೆ ದಾಟಿ ಹೊನ್ನಾಳಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಮಸಿ. ಮುಖವನ್ನೂ ತೊಳೆಯದೆ ಒಳಗೆ ಬಂದರೆ, ಪಡಸಾಲೆಯಲ್ಲಿ ಅಪ್ಪ ಕೂತಿದ್ದಾರೆ. ಗೋಡೆಗೆ ದಿಂಬು ಕೊಟ್ಟು, ತಲೆಗೆ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿ, ಶಾಲು ಹೊದಿಸಿ ಕೂರಿಸಿದ್ದರು. ಮಂಡಿಯ ಕಡೆಯವರು ನಾಲ್ಕೈದು ಜನ ಮುಂದೆ ಚಾಪೆಯ ಮೇಲೆ ಕೂತು ಮಾತಾಡುತ್ತಿದ್ದರು. ನಾನು ಸಂತೋಷ ತಡೆಯಲಾರದೆ ಅತ್ತುಬಿಟ್ಟೆ.

ಅಣ್ಣ ಮಹೇಶ್ವರಪ್ಪ ಹೆಮ್ಮೆಯಿಂದ ಹೇಳಿದ. "ನ್ಯಾಮತಿ ಪಂಡಿತರ ಔಷಧಿ ಕಣಮ್ಮ. ಮುಂಜಾನೆ ಕೂರಿಸಿದ್ರೆ ದೀಪ ಹಚ್ಚೋ ತನಕ ಕೂತಿರ್ತಾರೆ."

ಅಪ್ಪನ ಕಾಲು ಮುಟ್ಟಿದೆ. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿದ ಸಂತೋಷಕ್ಕೆ ಅಂದರು ಎಲ್ಲರೂ. ತಲೆ ಮೇಲೆ ಕೈ ಇಡಲಿ ಎಂದು ಕಾದೆ, ಇಡಲಿಲ್ಲ. ಶಾಲು ಸರಿಸಿದರೆ, ನೆಟ್ಟಗಿದ್ದ ಆ ಒಂದು ಎಡಗೈಯನ್ನೂ ಮೆತ್ತನೆ ಬಟ್ಟೆಯಿಂದ ದಿಂಬಿಗೆ ಕಟ್ಟಿದ್ದರು.

"ಇದೇನಿದು?" ಎಂದೆ.

ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಕೈ ಸುಮ್ನೆ ಇರಾದಿಲ್ಲ ಕಣೆ. ಪಂಚೆ ಕೀಳಾಕೆ ಹೋಗ್ತಾರೆ. ನಾಕು ಜನ ಬಂದು ಹೋಗೋ ಮನೆ."

ಸಾಂಬ್ರಾಣಿ ಹೊಗೆ ದಟ್ಟವಾಗಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಕೊಟ್ಟಿಗೆಯಲ್ಲಿ ಇಲಿ ಸತ್ತು ಎಲ್ಲಿ ಎಂದು ಸಿಗದಿದ್ದಾಗ ಬರುವಂಥದ್ದು. ಬಂದವರಿಗೆ ಗೊತ್ತಾಗದೇ ಇರಲು ಸಾಧ್ಯವೇ ಇಲ್ಲ. ದೊಡ್ಡವರ ಮನೆ ಅಂತ ಮೂಗು ಮುಚ್ಚಿಕೊಳ್ಳದೆ ಕೂತಿದ್ದರು, ಅಷ್ಟೇ.

ಅವರೆಲ್ಲ ಎದ್ದು, ಅಣ್ಣನೂ ಮಂಡಿಗೆ ಹೋದ ಮೇಲೆ ನಾನು ಅವ್ವನನ್ನು ಕೇಳಿದೆ. ಬೆನ್ನಿಗೆ ಹುಣ್ಣಾಗಿದೆ ಅಂದಳು. ಬೆನ್ನುಫಣಿ ಅಂತ ಪಂಡಿತರು ಹೇಳಿದ್ದಾರೆ, ಬೆನ್ನು ಹಾಸಿಗೆಗೆ ತಾಗಬಾರದು, ಗಾಳಿಯಾಡುವಂತೆ ಕೂರಿಸಿಯೇ ಇರಬೇಕು ಅಂತ ಅಪ್ಪಣೆಯಾಗಿದೆ ಅಂದಳು. ನಾನು ಶಾಲು ತೆಗೆದು ಅಂಗಿ ಎತ್ತಿ ನೋಡಿದೆ. ಅಪ್ಪನ ಬೆನ್ನು ಎಳೆಯ ಮಗುವಿನ ಬೆನ್ನಿನಂತೆ ಚೊಕ್ಕವಾಗಿತ್ತು.

"ಎಲ್ಲೈತವ್ವ ಹುಣ್ಣು? ಬೆನ್ನು ನೆಟ್ಟಗೈತಲ್ಲ."

ಅವ್ವ ನೆಲ ನೋಡಿದಳು. "ಅದರ ಕೆಳಗೆ."

"ಕೆಳಗೆ ಅಂದ್ರೆ? ಸೊಂಟದಾಗಾ?"

"ಇನ್ನೂ ಕೆಳಗೆ."

ಇಬ್ಬರೂ ಸೇರಿ ಅಪ್ಪನನ್ನು ನಿಧಾನವಾಗಿ ಮಗ್ಗುಲಿಗೆ ಮಲಗಿಸಿದೆವು. ಪಂಚೆ ಹುಣ್ಣಿಗೆ ಅಂಟಿಕೊಂಡಿತ್ತು, ಬೆಚ್ಚಗಿನ ನೀರು ಹಾಕಿ ಬಿಡಿಸಬೇಕಾಯಿತು. ಬಾಲದ ಮೂಳೆಯ ಮೇಲೆ ನನ್ನ ಮುಷ್ಟಿ ಹಿಡಿಯುವಷ್ಟು ಗುಂಡಿ ಬಿದ್ದಿತ್ತು. ಅಂಚು ಕರ್ರಗೆ ಚರ್ಮದ ಚಪ್ಪಲಿಯಂತಾಗಿತ್ತು. ಒಳಗೆ ಹಳದಿ ಕೊಳೆ, ಅದರ ಬುಡದಲ್ಲಿ ಬೆಳ್ಳಗೆ ಮೂಳೆ. ಹಿಮ್ಮಡಿಗಳೂ ಕಪ್ಪಾಗಿದ್ದವು. ಎಡಗೈ ಬಿಚ್ಚಿದ ಕೂಡಲೇ ಅಪ್ಪ ಅದನ್ನು ಅಲ್ಲಿಗೇ ತೆಗೆದುಕೊಂಡು ಹೋದರು. ಇಷ್ಟು ದಿನ ಮಾತಿಲ್ಲದ ಮನುಷ್ಯ ಕೈ ಮಾಡಿ ತೋರಿಸಿದ್ದಾನೆ, ಇಲ್ಲಿ ನೋವು ಅಂತ. ಮಾನ ಮರ್ಯಾದೆ ಬಿಟ್ಟ ಅಂತ ತಿಳಿದು ಆ ಕೈಯನ್ನೇ ಕಟ್ಟಿದ್ದರು. ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

"ಮೊದಲು ಹೆಂಗಿತ್ತವ್ವ?"

"ರೊಟ್ಟಿಯಷ್ಟು ಅಗಲ ಕೆಂಪಗಿತ್ತು. ಆಮ್ಯಾಲೆ ಬೊಬ್ಬೆ ಎದ್ದು ಒಡೀತು. ನಾ ನಿಮ್ಮಣ್ಣಂಗೆ ಹೇಳ್ದೆ."

"ಏನಂತ ಹೇಳ್ದಿ?"

"ಬೆನ್ನಾಗೆ ಹುಣ್ಣಾಗೈತೆ ಅಂತ."

"ಬೆನ್ನಾಗೆ ಅಂತ ಯಾಕಂದಿ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮತ್ತೇನನ್ಲಿ? ಅವರ ಹೆಸರನ್ನೇ ಒಂದು ದಿನ ಬಾಯಾಗೆ ತಂದವಳಲ್ಲ ನಾನು. ಬೆಳೆದ ಮಗನ ಮುಂದೆ ನಿಂತು ಅದನ್ನ ಅನ್ನಾಕೆ ಆಗ್ತೈತಾ?"

ಆಮೇಲಿನದನ್ನು ಬಿಡಿಸಿ ಬಿಡಿಸಿ ಕೇಳಿದೆ. ಅವ್ವ ಬೆನ್ನು ಅಂದಳು. ಅಣ್ಣ ನೋಡಲಿಲ್ಲ. ಹೆತ್ತ ತಂದೆಯ ಪಂಚೆ ಸರಿಸಿ ನೋಡುವುದು ಮಗನಿಗೆ ಅಪಚಾರವಂತೆ. ಅತ್ತಿಗೆಯಂತೂ ಮಾವನ ಎದುರಿಗೇ ನಿಲ್ಲುವವಳಲ್ಲ. ಆಳು ಅಂಜಿನಪ್ಪ ತಾನು ಎತ್ತಿ ಹೊರಳಿಸುತ್ತೇನೆ ಅಂದರೆ, ಲಿಂಗ ಕಟ್ಟಿದ ಮೈಯನ್ನು ಬೇರೆ ಜಾತಿಯವನು ಮುಟ್ಟಬಾರದು ಎಂದು ಬೈದು ಕಳಿಸಿದರು. ಹೀಗೆ ಮಡಿವಂತರೆಲ್ಲ ದೂರ ನಿಂತು, ಆ ದೊಡ್ಡ ದೇಹವನ್ನು ಹೊರಳಿಸುವ ಕೆಲಸ ಒಂದು ಹಿಡಿಯಷ್ಟಿದ್ದ ಮುದುಕಿಯ ಪಾಲಿಗೆ ಬಂತು. ಅವಳ ಕೈಲಿ ಎಷ್ಟಾಗುತ್ತೆ? ಅಣ್ಣ ಗಾಡಿ ಕಟ್ಟಿಕೊಂಡು ನ್ಯಾಮತಿಗೆ ಹೋಗಿ ಪಂಚಾಕ್ಷರಯ್ಯ ಪಂಡಿತರ ಮುಂದೆ ಬೆನ್ನಿನ ಹುಣ್ಣು ಅಂದ. ಪಂಡಿತರು ಊರು ಬಿಟ್ಟು ಹೊರಗೆ ಬರುವವರಲ್ಲ. ಹೇಳಿದ್ದನ್ನು ಕೇಳಿ ಔಷಧಿ ಕೊಡುವುದು ಅವರ ಪದ್ಧತಿ. ಕೊಟ್ಟರು.

"ಕೂರಿಸಿದ್ರೆ ಹುಣ್ಣಿನ ಮ್ಯಾಲೇ ಕೂತಂಗಾಗಲ್ಲೇನವ್ವ? ಅಷ್ಟೂ ತಿಳೀಲಿಲ್ಲೇನು ನಿನಗೆ?"

"ತಿಳೀತು," ಅಂದಳು ಅವ್ವ. "ಆದ್ರೆ ಪಂಡಿತ್ರು ಹೇಳ್ಯಾರಲ್ಲ, ಅವರಿಗೆ ಏನೋ ಗೊತ್ತಿರಬೇಕು ಅಂದ್ಕಂಡೆ."

ಅಣ್ಣ ಮಂಡಿಯಿಂದ ಬರುವುದನ್ನೇ ಕಾದಿದ್ದೆ. ಜಗಲಿಯ ಮೇಲೆ ಅವನ ಜೊತೆ ಇಬ್ಬರು ದಲ್ಲಾಳಿಗಳೂ ಇದ್ದರು. ಇರಲಿ ಬಿಡು ಅಂತ ಅವರ ಮುಂದೆಯೇ ಹೇಳಿದೆ. "ಅಪ್ಪಂಗೆ ಬೆನ್ನುಫಣಿ ಅಲ್ಲ, ಎಂಥದ್ದೂ ಅಲ್ಲ. ಕುಂಡಿ ಕೊಳೆತೈತೆ. ನೀನು ಅದರ ಮ್ಯಾಲೇ ಕೂರಿಸಿ ಕೂರಿಸಿ ಕೊಳೆಸಿದ್ದೀಯ. ನಾಳೆ ನ್ಯಾಮತಿಗೆ ಹೋಗಿ ಸರಿಯಾಗಿ ಹೇಳು."

ದಲ್ಲಾಳಿಗಳು ಚಪ್ಪಲಿ ಮೆಟ್ಟಿಕೊಂಡು ಹೋದರು. ಅಣ್ಣನ ಮುಖ ಕೆಂಪಡರಿತು.

"ಬಾಯಿ ತೊಳಕಾ ಹೋಗು. ನಿಮ್ಮತ್ತೆ ಸಹವಾಸ, ಇನ್ನೇನು ಬರ್ತೈತೆ."

"ಬಂದು ಒಂದು ಸಲ ನೋಡು."

"ನಾ ನೋಡಲ್ಲ."

"ಹಂಗಾದ್ರೆ ಪಂಡಿತರಿಗಾದ್ರೂ ಹೇಳು."

"ಆ ಮಾತನ್ನ ಅಂಥವರ ಮುಂದೆ ಹೆಂಗೆ ಆಡಾದು? ನಮ್ಮ ಮನೆತನ ಏನಂತ ತಿಳಕಂತಾರೆ?"

ಮನೆತನದ ಮಾತು ಬಂದರೆ ನಮ್ಮಣ್ಣ ಕಲ್ಲು. ಮಾರನೆಯ ದಿನ ಅಂಜಿನಪ್ಪನಿಗೆ ಗಾಡಿ ಕಟ್ಟಲು ಹೇಳಿ ನಾನೇ ನ್ಯಾಮತಿಗೆ ಹೋದೆ. ಪಂಡಿತರು ಅಪ್ಪಣೆ ಬದಲಿಸದೆ ಅವ್ವ ನನ್ನ ಮಾತು ಕೇಳುವವಳಲ್ಲ ಎಂದು ನನಗೆ ಗೊತ್ತಿತ್ತು.

ಪಂಚಾಕ್ಷರಯ್ಯನವರು ವಯಸ್ಸಾದವರು, ಸೌಮ್ಯ ಮುಖ. ಏನಮ್ಮ ಅಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ನೋವಿನಿಂದ ಎಂದುಕೊಂಡೆ. ಅಲ್ಲ, ನನ್ನ ಮಾತಿಗೆ.

"ನಿತಂಬ ಅನ್ನಬೇಕು ತಾಯಿ. ಹೆಣ್ಣುಮಕ್ಕಳು ಹಂಗೆ ಅನ್ನಬಾರದು."

"ನಮ್ಮವ್ವಂಗೆ ಆ ಮಾತು ಗೊತ್ತಿರಲಿಲ್ಲ ಬುದ್ಧಿ. ಗೊತ್ತಿದ್ದಿದ್ರೆ ಅಂತಿದ್ಲೋ ಏನೋ."

ಅವರು ಕಣ್ಣು ತೆರೆದು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು, "ಕೂರಿಸಿದ್ದೀರಾ?"

"ದಿನಾ. ನೀವು ಹೇಳಿದಂಗೆ."

"ಶಿವಶಿವಾ," ಅಂದರು. ಅವರೇನೂ ಕೆಟ್ಟವರಲ್ಲ. ಕೂಡಲೇ ಹೇಳಿದರು, ಇನ್ನು ಮೇಲೆ ಕೂರಿಸಲೇಬೇಡಿ, ಅಂಗಾತವೂ ಬೇಡ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುತ್ತಿರಿ. ಕೊಳೆತದ್ದನ್ನು ತೆಗೆದು, ಬೇವಿನೆಲೆ ಕುದಿಸಿದ ನೀರಲ್ಲಿ ತೊಳೆದು, ಜೇನುತುಪ್ಪದಲ್ಲಿ ಅದ್ದಿದ ಬಟ್ಟೆಯ ಬತ್ತಿ ಇಡಿ. ಹಾಲು, ತುಪ್ಪ, ಬೇಳೆಕಟ್ಟು ಧಾರಾಳ ಹೊಟ್ಟೆಗೆ ಹೋಗಲಿ, ಮಾಂಸ ತುಂಬಿಕೊಳ್ಳಬೇಕಲ್ಲ. ಜ್ವರ ಬರದಿದ್ದರೆ ಉಳಿದಾರು ಅಂದರು. ನಾನು ಹೊರಟಾಗ ಒಂದು ಮಾತು ಸೇರಿಸಿದರು. ಬೆನ್ನು ಅಂದರೆ ಎಲ್ಲಿ ಎಂದು ಅಣ್ಣನನ್ನು ಕೇಳಿದ್ದರಂತೆ. ಬೆನ್ನು ಅಂದರೆ ಬೆನ್ನು ಎಂದನಂತೆ.

ಪಂಡಿತರ ಅಪ್ಪಣೆ ಎಂದ ಮೇಲೆ ಅವ್ವ ಎರಡು ಮಾತಾಡಲಿಲ್ಲ. ನಾವಿಬ್ಬರೂ ಸೊಂಟ ಕಟ್ಟಿ ನಿಂತೆವು. ಬೂರುಗದ ಹತ್ತಿಯ ಹಾಸಿಗೆ ಹೊಲಿದೆವು. ಬಟ್ಟೆಗೆ ಕಂಟ್ರೋಲು, ಹೊಸದು ಸಿಗುವ ಹಾಗಿಲ್ಲ, ಅವ್ವನ ಹಳೇ ಸೀರೆಗಳನ್ನೆಲ್ಲ ಹರಿದು ಕುದಿಸಿ ಒಣಗಿಸಿದೆವು. ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಗಾಳಿಯಲ್ಲಿರುವಂತೆ ಮೀನಖಂಡದ ಕೆಳಗೆ ಇನ್ನೊಂದು. ಅಣ್ಣ ಇಲ್ಲದ ಹೊತ್ತಿನಲ್ಲಿ ಅಂಜಿನಪ್ಪನನ್ನು ಒಳಗೆ ಕರೆಯುತ್ತಿದ್ದೆ. ಅವನು ಒಂದೇ ಕೈಯಲ್ಲಿ ಎಳೆಮಗುವನ್ನು ಎತ್ತಿದಷ್ಟು ಹಗುರಾಗಿ ಅಪ್ಪನನ್ನು ಎತ್ತುತ್ತಿದ್ದ. ಅಪ್ಪ ಒಂದು ದಿನವೂ ಬೇಡ ಅನ್ನಲಿಲ್ಲ.

ಕಪ್ಪು ಅಂಚು ಮೆಲ್ಲಗೆ ಬಿಟ್ಟುಕೊಂಡಿತು. ವಾಸನೆ ಇಳಿಯಿತು. ಒಂದು ಬೆಳಿಗ್ಗೆ ತೊಳೆಯುವಾಗ ಗುಂಡಿಯ ಗೋಡೆಯಲ್ಲಿ ಕೆಂಪಗೆ, ಸಣ್ಣ ಸಣ್ಣ ಹರಳಿನಂತೆ ಹೊಸ ಮಾಂಸ ಕಂಡಿತು. ಅವ್ವನನ್ನು ಕರೆದು ತೋರಿಸಿದೆ. ಅವಳು ಮೊದಲ ಸಲ ಕಣ್ಣು ತಪ್ಪಿಸದೆ ನೋಡಿದಳು. ಅಪ್ಪ ತಮ್ಮ ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಆ ಸಂತೋಷ ನನಗೆ ಈಗಲೂ ನೆನಪಿದೆ. ಉಳಿಯುತ್ತಾರೆ ಅಂತ ನಂಬಿದ್ದೆ.

ಆಗ ಗುರುಗಳು ಬರುತ್ತಾರೆ ಅಂತ ಅಣ್ಣ ಸುದ್ದಿ ತಂದ. ನಮ್ಮ ಮನೆತನದ ಗುರುಗಳು ಚನ್ನಗಿರಿ ಸೀಮೆಯ ಭಕ್ತರ ಮನೆಗಳನ್ನು ಮುಗಿಸಿಕೊಂಡು ಹೊನ್ನಾಳಿಗೆ ದಯಮಾಡಿಸುತ್ತಾರೆ, ಮೊದಲ ಪಾದಪೂಜೆ ನಮ್ಮದೇ. ಮನೆಗೆ ಸುಣ್ಣ ಹೊಡೆಸಿದ. ಮುಂಚೆಯೇ ಹೇಳಿಬಿಟ್ಟ, ಗುರುಗಳ ಮುಂದೆ ಯಜಮಾನ ಕಾಲು ಚಾಚಿ ಮಲಗಿರುವುದು ನಮ್ಮ ವಂಶದಲ್ಲಿ ಇಲ್ಲ, ಅಪ್ಪ ಕೂರಬೇಕು.

ನಾನು ಕೂಗಾಡಿದೆ. ಗುರುಗಳಿಗೆ ನಾನೇ ಹೇಳುತ್ತೇನೆ, ಅವರೂ ಮನುಷ್ಯರೇ, ಬೇಡ ಅನ್ನುತ್ತಾರೆ ಅಂದೆ. ಅಣ್ಣ ಅವ್ವನ ಕಡೆ ನೋಡಿದ. ಅವ್ವ ನನ್ನ ಕೈ ಹಿಡಿದುಕೊಂಡು, "ಒಂದು ಗಳಿಗೆ ಕಣೆ. ಗುರುಗಳ ಆಶೀರ್ವಾದ ಬಿದ್ರೆ ಬೇಗ ವಾಸಿ ಆಗ್ತೈತೆ," ಅಂದಳು. ಅವಳ ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಿ ನನ್ನ ಕೂಗು ಅಡಗಿತು.

ಒಂದು ಗಳಿಗೆಯಂತೆ. ಗುರುಗಳು ಹೇಳಿದ ಹೊತ್ತಿಗೆ ಬರಲಿಲ್ಲ. ಆದರೂ ಬೆಳಿಗ್ಗೆಯೇ ಅಪ್ಪನಿಗೆ ರುಮಾಲು ಸುತ್ತಿ ಕೂರಿಸಿ ಆಗಿತ್ತು. ಬಂದ ಮೇಲೆ ಪಾದಪೂಜೆ, ಆಮೇಲೆ ಪೇಟೆಯ ಜನವೆಲ್ಲ ಸಾಲುಗಟ್ಟಿ ನಮಸ್ಕಾರ. ಹೊತ್ತು ನೆತ್ತಿಯಿಂದ ಇಳಿಯುತ್ತಿತ್ತು. ಅಪ್ಪ ಎಡಗೈಯನ್ನು ನೆಲಕ್ಕೆ ಊರಿ ತಮ್ಮ ಭಾರವನ್ನು ತಾವೇ ಎತ್ತಿಕೊಳ್ಳಲು ನೋಡುತ್ತಿದ್ದರು. ಕೈ ಸೋತು ಮತ್ತೆ ಕುಸಿಯುತ್ತಿದ್ದರು. ಗುರುಗಳು ಕರುಣೆಯಿಂದ ಏನು ಕಾಯಿಲೆ ಎಂದು ಕೇಳಿದರು. ಬೆನ್ನುಫಣಿ ಬುದ್ಧಿ, ಎಂದ ಅಣ್ಣ. ಗುರುಗಳು ಎದ್ದು ಬಂದು ಮಂತ್ರ ಹೇಳಿ, ಅಪ್ಪನ ಆ ಚೊಕ್ಕ ಬೆನ್ನಿಗೆ ವಿಭೂತಿ ಸವರಿದರು. ನಾನು ಬಾಯಿ ತೆರೆದೆ. ಅವ್ವ ತೋಳು ಹಿಡಿದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಎತ್ತಿ ಮಲಗಿಸಿದಾಗ ಹೊಸ ಮಾಂಸವೆಲ್ಲ ಅರೆದುಹೋಗಿತ್ತು, ಹಾಸಿದ ಬಟ್ಟೆ ರಕ್ತದಲ್ಲಿ ನೆನೆದಿತ್ತು. ಮಾರನೆಯ ದಿನ ಚಳಿಜ್ವರ ಬಂತು. ಪಂಡಿತರು ಯಾವುದು ಬರಬಾರದು ಎಂದಿದ್ದರೋ ಅದೇ. ಸುತ್ತಲ ಚರ್ಮ ಬೆಂಕಿಯಂತೆ ಸುಡುತ್ತಿತ್ತು, ಒತ್ತಿದರೆ ಬೆರಳು ಹೂತುಹೋಗುತ್ತಿತ್ತು. ತಾಲ್ಲೂಕು ಡಾಕ್ಟರನ್ನು ಕರೆಸು ಎಂದು ಅಣ್ಣನ ಕಾಲು ಹಿಡಿದೆ. ಕರೆಸಿದ, ಕೊನೆಗೆ. ಡಾಕ್ಟರು ನೋಡಿ, ನಂಜು ರಕ್ತಕ್ಕೆ ಸೇರಿದೆ, ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ ಎಂದು ಕೈ ತೊಳೆದುಕೊಂಡು ಹೋದರು. ಆ ವಾರ ಕಳೆಯುವುದರೊಳಗೆ ಅಪ್ಪ ಹೋದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಸಮಾಧಿಯಲ್ಲೂ ಕೂತೇ ಇರಬೇಕು. ಸ್ನಾನ ಮಾಡಿಸಿದ ಗಂಡಸರು ಅವತ್ತು ಎಲ್ಲವನ್ನೂ ನೋಡಿದರು. ಅಣ್ಣನೂ ನೋಡಿದ. ಹೊರಗೆ ಬಂದು ಕಂಬಕ್ಕೆ ಒರಗಿ ನಿಂತ, ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟರಲ್ಲಿ ಯಾರೋ ಬೀಗರು ಬಂದು ಏನಾಗಿತ್ತಪ್ಪ ಎಂದರು. ಅವನು ತುಟಿ ಒದ್ದೆ ಮಾಡಿಕೊಂಡು, "ಬೆನ್ನುಫಣಿ," ಎಂದ. ಅವನನ್ನು ಅಲ್ಲೇ ಹೊಡೆಯಬೇಕು ಅನ್ನಿಸಿತು.

ಪಡಸಾಲೆಯಲ್ಲಿ ಗೋಡೆಗೆ ಹಲಗೆ ನಿಲ್ಲಿಸಿ, ಕೆಳಗೆ ಮಣೆ ಹಾಕಿದ್ದರು. ನಾಲ್ವರು ಅಪ್ಪನನ್ನು ಎತ್ತಿ ತಂದರು. ಇನ್ನೇನು ಮಣೆಯ ಮೇಲೆ ಇಳಿಸಬೇಕು, ಹೆಂಗಸರ ಗುಂಪಿನಿಂದ ಅವ್ವ ಎದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಮದುವೆಯಾದಂದಿನಿಂದ ಗಂಡಸರೆದುರು ದನಿ ಎತ್ತದ ಹೆಂಗಸು ಇಡೀ ಕುಲದ ಮುಂದೆ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಂದೆ, ನಡುಮನೆಯಲ್ಲಿ ನಿಂತು ಹೇಳಿದಳು.

"ಕೂರಿಸಬ್ಯಾಡ್ರಪ್ಪ. ಅವರ ಕುಂಡಿಯಾಗೆ ಹುಣ್ಣೈತೆ. ಬೆನ್ನಾಗಲ್ಲ, ಕುಂಡಿಯಾಗೆ."

ಎತ್ತಿದವರು ಎತ್ತಿದ ಹಾಗೇ ನಿಂತರು. ಯಾರೋ ಒಬ್ಬರು, ದುಃಖಕ್ಕೆ ತಲೆ ಕೆಟ್ಟೈತೆ ಪಾಪ, ಎಂದರು. ಅಣ್ಣ ನನ್ನ ಕಡೆ ತಿರುಗಿ, "ಅವ್ವನ್ನ ಒಳಗೆ ಕರಕಂಡು ಹೋಗು," ಎಂದ.

ನಾನು ಕದಲಲಿಲ್ಲ. ಅವ್ವ ಒಬ್ಬೊಬ್ಬರ ಮುಖ ನೋಡುತ್ತಾ ಅದೇ ಮಾತನ್ನು ಮತ್ತೆ ಹೇಳಿದಳು, ಯಾರಿಗೂ ಕೇಳಿಸಲಿಲ್ಲವೇನೋ ಎಂಬಂತೆ, ಇನ್ನಷ್ಟು ಗಟ್ಟಿಯಾಗಿ. ಅಯ್ಯನವರು ಮಂತ್ರ ಶುರು ಮಾಡಿದರು. ಎತ್ತಿ ನಿಂತಿದ್ದವರು ಅಪ್ಪನನ್ನು ಕೂರಿಸಿದರು.